1500ರಿಂದ 576ಕ್ಕೆ: ಡಯಲ್-ಅಪ್ ಇಂಟರ್ನೆಟ್‌ನಲ್ಲಿ ಪ್ಯಾಕೆಟ್ ಗಾತ್ರದ ಲೆಕ್ಕ

ಟೆಲಿಫೋನ್ ತಂತಿಯ ಮೂಲಕ ಇಂಟರ್ನೆಟ್ ಸೇರಿದ ಕಂಪ್ಯೂಟರ್ ಯಾವ ಫೈಲನ್ನೂ ಇಡಿಯಾಗಿ ಕಳಿಸುವುದಿಲ್ಲ, ಇಡಿಯಾಗಿ ಪಡೆಯುವುದೂ ಇಲ್ಲ. ಮಾಹಿತಿಯೆಲ್ಲ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೋಗಿ ಬರುತ್ತದೆ. ಒಂದು ಜಾಲ ಒಂದು ಸಲಕ್ಕೆ ಹೊರಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಅಳತೆಗೆ ಎಂಟಿಯು, ಅಂದರೆ ಮ್ಯಾಕ್ಸಿಮಮ್ ಟ್ರಾನ್ಸ್‌ಮಿಷನ್ ಯೂನಿಟ್, ಎಂದು ಹೆಸರು. ವಿಂಡೋಸ್ 95 ಮನೆಗಳಿಗೆ ಕಾಲಿಟ್ಟ ಮೇಲೆ ಈ ಒಂದು ಸಂಖ್ಯೆಯನ್ನು 1500ರಿಂದ 576ಕ್ಕೆ ಇಳಿಸಿದರೆ ಇಂಟರ್ನೆಟ್ ಚುರುಕಾಗುತ್ತದೆ ಎಂಬ ಮಾತು ಎಲ್ಲೆಡೆ ಹಬ್ಬಿತು. ಹಾಗೆ ಮಾಡಿದವರಲ್ಲಿ ಕೆಲವರಿಗೆ ನಿಜಕ್ಕೂ ಗುಣ ಕಂಡಿತು, ಹಲವರಿಗೆ ಯಾವ ವ್ಯತ್ಯಾಸವೂ ತಿಳಿಯಲಿಲ್ಲ, ಮತ್ತೆ ಕೆಲವರಿಗೆ ಇದ್ದ ವೇಗವೂ ತಗ್ಗಿತು. ಈ ಮೂರೂ ಅನುಭವಗಳು ಸುಳ್ಳಲ್ಲ. ತಂತಿ, ಮೋಡೆಮ್, ಸೇವಾದಾರ ಸಂಸ್ಥೆ, ಕಂಪ್ಯೂಟರಿನ ಸೀರಿಯಲ್ ಪೋರ್ಟ್ ಇವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ ಇದ್ದವು.

ಎರಡು ಸಂಖ್ಯೆಗಳೂ ಆಕಾಶದಿಂದ ಉದುರಿದವಲ್ಲ. 1500 ಬೈಟ್ ಎಂಬುದು ಈಥರ್ನೆಟ್ ಜಾಲದ ಮಿತಿ. ಕಚೇರಿ, ಕಾಲೇಜುಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ಈಥರ್ನೆಟ್ ತಂತಿಯ ವೇಗ ಆಗ ಸೆಕೆಂಡಿಗೆ 1 ಕೋಟಿ ಬಿಟ್. ಅಲ್ಲಿ 1500 ಬೈಟ್ ಸಾಗಲು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಸಮಯ ಸಾಕು. ಫೋನ್ ಲೈನಿನ ಮೇಲೆ ಇಂಟರ್ನೆಟ್ ನಡೆಸುವ ಪಿಪಿಪಿ ಎಂಬ ನಿಯಮಾವಳಿ ಕೂಡ ಅದೇ 1500ನ್ನು ರೂಢಿಯ ಅಳತೆಯಾಗಿ ಇಟ್ಟುಕೊಂಡಿತು, ವಿಂಡೋಸ್ 95 ಅದನ್ನೇ ಪಾಲಿಸಿತು. 576ರ ಮೂಲ ಇನ್ನೂ ಹಳೆಯದು. 1981ರಲ್ಲಿ ಹೊರಬಂದ ಆರ್‌ಎಫ್‌ಸಿ 791 ಎಂಬ ದಾಖಲೆ ಇಂಟರ್ನೆಟ್ ಪ್ರೋಟೋಕಾಲಿನ ಮೂಲ ವಿವರಣೆ. ಇಂಟರ್ನೆಟ್‌ನಲ್ಲಿರುವ ಪ್ರತಿಯೊಂದು ಯಂತ್ರವೂ ಕನಿಷ್ಠ 576 ಬೈಟ್‌ನಷ್ಟು ದೊಡ್ಡ ಪ್ಯಾಕೆಟ್ಟನ್ನು ಸ್ವೀಕರಿಸಲು ಸಿದ್ಧವಿರಬೇಕು ಎಂದು ಅದು ಹೇಳಿತು. 512 ಬೈಟ್ ಮಾಹಿತಿ, ಅದರ ಮೇಲೆ ವಿಳಾಸ ಮುಂತಾದ ವಿವರಗಳಿಗೆ 64 ಬೈಟ್ ಎಂಬುದು ಆ ಲೆಕ್ಕ. ಹಾಗಾಗಿ ಮುಂದಿನ ದಾರಿ ಹೇಗಿದೆಯೋ ಗೊತ್ತಿಲ್ಲದಾಗ 576ನ್ನು ಕ್ಷೇಮದ ಅಳತೆ ಎಂದು ಬಳಸುವುದು ರೂಢಿಗೆ ಬಂತು.

ಪ್ರತಿ ಪ್ಯಾಕೆಟ್‌ನ ತಲೆಯಲ್ಲಿ ಸಾಮಾನ್ಯವಾಗಿ 40 ಬೈಟ್ ಹೆಡರ್ ಇರುತ್ತದೆ: ಐಪಿಯದು 20, ಟಿಸಿಪಿಯದು 20. ಎಂಟಿಯುವಿನಿಂದ ಈ 40ನ್ನು ಕಳೆದರೆ ಉಳಿಯುವುದು ಎಂಎಸ್‌ಎಸ್, ಎಂದರೆ ಒಂದು ಪ್ಯಾಕೆಟ್ ಹೊರುವ ನಿಜವಾದ ಸರಕು. 1500ಕ್ಕೆ 1460, 576ಕ್ಕೆ 536. ಎಂಟಿಯು ಬದಲಾವಣೆ ಕೆಲಸ ಮಾಡುವುದು ಈ ಎಂಎಸ್‌ಎಸ್ ಮೂಲಕವೇ. ದೂರದ ಸರ್ವರ್ ಜೊತೆ ಸಂಪರ್ಕ ಶುರುವಾಗುವ ಗಳಿಗೆಯಲ್ಲಿ ಮನೆಯ ಕಂಪ್ಯೂಟರ್ ತನ್ನ ಎಂಎಸ್‌ಎಸ್ ಎಷ್ಟೆಂದು ಹೇಳುತ್ತದೆ. ಅದಕ್ಕಿಂತ ದೊಡ್ಡ ತುಂಡನ್ನು ಸರ್ವರ್ ಕಳಿಸುವುದಿಲ್ಲ. ಆದ್ದರಿಂದ ಬಳಕೆದಾರ ತನ್ನ ಯಂತ್ರದಲ್ಲಿ ಮಾಡಿದ ಬದಲಾವಣೆ ಹೊರಗೆ ಹೋಗುವ ಪ್ಯಾಕೆಟ್‌ಗಳಿಗೆ ಮಾತ್ರವಲ್ಲ, ಸಾವಿರಾರು ಮೈಲಿ ದೂರದಿಂದ ಒಳಗೆ ಬರುವ ಪ್ಯಾಕೆಟ್‌ಗಳಿಗೂ ಅನ್ವಯಿಸುತ್ತದೆ.

ಸೆಕೆಂಡಿಗೆ 28,800 ಬಿಟ್ ವೇಗದ ಮೋಡೆಮ್‌ನಲ್ಲಿ 1500 ಬೈಟ್‌ನ ಒಂದು ಪ್ಯಾಕೆಟ್, ಅಂದರೆ 12,000 ಬಿಟ್, ಪೂರ್ತಿ ಬಂದು ಸೇರಲು 0.42 ಸೆಕೆಂಡ್ ಬೇಕು. 576 ಬೈಟ್‌ನ ಪ್ಯಾಕೆಟ್‌ಗೆ 0.16 ಸೆಕೆಂಡ್ ಸಾಕು. ಇನ್ನೂ ಹಳೆಯ 14,400ರ ಮೋಡೆಮ್‌ನಲ್ಲಾದರೆ 1500 ಬೈಟ್‌ಗೆ 0.83 ಸೆಕೆಂಡ್ ಹಿಡಿಯುತ್ತದೆ. ಒಂದೇ ಗಾಡಿ ಹಿಡಿಸುವ ಸೇತುವೆಯ ಮೇಲೆ ಉದ್ದನೆಯ ಲಾರಿ ಹತ್ತಿದರೆ ಅದು ದಾಟುವ ತನಕ ಹಿಂದಿನ ಸೈಕಲ್ಲೂ ಕಾಯಲೇಬೇಕು. ತಂತಿಯ ಮೇಲೂ ಅಷ್ಟೇ, ಒಂದು ಪ್ಯಾಕೆಟ್ ಮುಗಿಯದೆ ಇನ್ನೊಂದು ಹೊರಡುವಂತಿಲ್ಲ. ಒಂದು ಕಡೆ ಫೈಲ್ ಇಳಿಯುತ್ತಿರುವಾಗ ಇನ್ನೊಂದು ಕಿಟಕಿಯಲ್ಲಿ ಚಾಟ್ ಮಾಡುವವರಿಗೆ, ಟೆಲ್ನೆಟ್ ಮೂಲಕ ದೂರದ ಯಂತ್ರದಲ್ಲಿ ಕೆಲಸ ಮಾಡುವವರಿಗೆ, ಆನ್‌ಲೈನ್ ಆಟ ಆಡುವವರಿಗೆ ಈ ಕಾಯುವಿಕೆ ನೇರವಾಗಿ ತಟ್ಟುತ್ತಿತ್ತು. ಒತ್ತಿದ ಅಕ್ಷರ ಪರದೆಯ ಮೇಲೆ ಮೂಡಲು ಅರ್ಧ ಸೆಕೆಂಡ್ ತಡವಾದರೆ ಕೈ ತಡವರಿಸುತ್ತದೆ. ಇಂಥ ಕೆಲಸಕ್ಕಾಗಿಯೇ 296 ಬೈಟ್‌ನ ಇನ್ನೂ ಚಿಕ್ಕ ಎಂಟಿಯು ಬಳಕೆಯಲ್ಲಿತ್ತು: 256 ಬೈಟ್ ಮಾಹಿತಿ, 40 ಬೈಟ್ ಹೆಡರ್.

ಹಾಗೆಂದು ಪ್ಯಾಕೆಟ್ಟನ್ನು ಕಿರಿದು ಮಾಡುತ್ತಲೇ ಹೋಗಲು ಬರುವುದಿಲ್ಲ. ಪ್ಯಾಕೆಟ್ ಎಷ್ಟೇ ಚಿಕ್ಕದಾದರೂ ಹೆಡರ್ ಅಷ್ಟೇ ಇರುತ್ತದೆ. 1500 ಬೈಟ್‌ನಲ್ಲಿ 40 ಬೈಟ್ ಹೆಡರ್ ಎಂದರೆ ನೂರಕ್ಕೆ 2.7 ಪಾಲು. 576ರಲ್ಲಿ ಅದು ಸುಮಾರು 7 ಪಾಲು, 296ರಲ್ಲಿ 13.5 ಪಾಲು. ದೊಡ್ಡ ಫೈಲ್ ಇಳಿಸಿಕೊಳ್ಳುವವರಿಗೆ ಇದು ಶುದ್ಧ ನಷ್ಟ. ಈ ನಷ್ಟವನ್ನು ಬಹುಮಟ್ಟಿಗೆ ಅಳಿಸಿದವರು ವ್ಯಾನ್ ಜೇಕಬ್ಸನ್. 1990ರಲ್ಲಿ ಪ್ರಕಟವಾದ ಅವರ ಹೆಡರ್ ಕಂಪ್ರೆಷನ್ ವಿಧಾನ ಇಂದಿಗೂ ಮೆಚ್ಚಬೇಕಾದ ಬುದ್ಧಿವಂತಿಕೆ. ಒಂದೇ ಸಂಪರ್ಕದ ಪ್ಯಾಕೆಟ್‌ಗಳ ಹೆಡರ್‌ಗಳಲ್ಲಿ ಹೆಚ್ಚಿನ ಅಂಶಗಳು ಬದಲಾಗುವುದೇ ಇಲ್ಲ. ಬದಲಾಗದ್ದನ್ನು ಮತ್ತೆ ಮತ್ತೆ ಕಳಿಸದೆ, ಹಿಂದಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸಿದರೆ 40 ಬೈಟ್ ಮೂರರಿಂದ ಐದು ಬೈಟ್‌ಗೆ ಇಳಿಯುತ್ತದೆ. ಎರಡೂ ತುದಿಗಳಲ್ಲಿ ಈ ಸೌಲಭ್ಯ ಇದ್ದರೆ ಫೋನ್ ಲೈನಿನ ಮೇಲೆ 576ಕ್ಕೂ 1500ಕ್ಕೂ ಹೆಡರ್ ಖರ್ಚಿನ ಅಂತರ ನೂರಕ್ಕೆ ಒಂದು ಪಾಲೂ ಉಳಿಯುವುದಿಲ್ಲ. ವಿಂಡೋಸ್‌ನ ಡಯಲ್-ಅಪ್ ಸಂಪರ್ಕದ ಟಿಸಿಪಿ/ಐಪಿ ಸೆಟ್ಟಿಂಗ್ಸ್ ಪುಟದಲ್ಲಿ ಐಪಿ ಹೆಡರ್ ಕಂಪ್ರೆಷನ್ ಎಂದು ಒಂದು ಚಿಕ್ಕ ಚೌಕ ಇರುತ್ತಿತ್ತು. ಎಂಟಿಯು ಇಳಿಸುವ ಮೊದಲು ಆ ಚೌಕದಲ್ಲಿ ಗುರುತು ಇದೆಯೇ ಎಂದು ನೋಡಬೇಕಿತ್ತು. ಬಹಳಷ್ಟು ಜನ ಆ ಕಡೆ ಕಣ್ಣು ಹಾಯಿಸಲೇ ಇಲ್ಲ.

ಎಂಟಿಯು ಇಳಿಸಿದಾಗ ಕೆಲವರಿಗೆ ವೇಗ ಎರಡು ಪಟ್ಟಾದಂತೆ ಅನ್ನಿಸಿದ್ದಕ್ಕೆ ಕಾರಣ ಬೇರೆ. ದಾರಿಯ ನಡುವೆ ಎಲ್ಲಾದರೂ 576ಕ್ಕಿಂತ ದೊಡ್ಡದನ್ನು ಹೊರಲಾರದ ಜಾಲವಿದ್ದರೆ ಅಲ್ಲಿನ ರೂಟರ್ 1500 ಬೈಟ್‌ನ ಪ್ಯಾಕೆಟ್ಟನ್ನು ಮೂರು ಚೂರು ಮಾಡಬೇಕಾಗುತ್ತದೆ. ಹಳೆಯ ಎಕ್ಸ್.25 ಜಾಲಗಳ ಎಂಟಿಯು 576 ಆಗಿತ್ತು. ಕೆಲವು ಸೇವಾದಾರರೂ ತಮ್ಮ ಡಯಲ್-ಅಪ್ ಉಪಕರಣಗಳನ್ನು ಅದೇ ಅಳತೆಗೆ ಹೊಂದಿಸಿದ್ದರು. ಚೂರಾದ ಪ್ಯಾಕೆಟ್‌ನ ಒಂದು ತುಣುಕು ಕಳೆದುಹೋದರೂ ಉಳಿದ ಎರಡು ವ್ಯರ್ಥ. ಇಡೀ 1500 ಬೈಟ್ಟನ್ನು ಸರ್ವರ್ ಮತ್ತೆ ಕಳಿಸಬೇಕು. ಈ ಕತ್ತರಿಕೆ ಹಾನಿಕರ ಎಂದು ಕ್ರಿಸ್ಟೋಫರ್ ಕೆಂಟ್ ಮತ್ತು ಜೆಫ್ರಿ ಮೊಗಲ್ 1987ರಲ್ಲೇ ಒಂದು ಪ್ರಬಂಧದಲ್ಲಿ ವಾದಿಸಿದ್ದರು. ಮೊದಲೇ 576ರ ಅಳತೆಗೆ ತಯಾರಾದ ಪ್ಯಾಕೆಟ್‌ಗಳು ಅಂಥ ಜಾಲದಲ್ಲಿ ಕತ್ತರಿಗೆ ಸಿಗುವುದಿಲ್ಲ, ಕಳೆದರೂ 576 ಬೈಟ್ ಮಾತ್ರ ಕಳೆಯುತ್ತದೆ.

ದಾರಿಯ ಅತಿ ಕಿರಿದಾದ ಜಾಗವನ್ನು ಯಂತ್ರ ತಾನೇ ಕಂಡುಕೊಳ್ಳುವ ಪಾಥ್ ಎಂಟಿಯು ಡಿಸ್ಕವರಿ ಎಂಬ ಉಪಾಯವನ್ನು 1990ರ ಆರ್‌ಎಫ್‌ಸಿ 1191 ವಿವರಿಸಿತು, ವಿಂಡೋಸ್ 95ರಲ್ಲಿ ಅದು ಇತ್ತು ಕೂಡ. ಪ್ಯಾಕೆಟ್ ಮೇಲೆ ಕತ್ತರಿಸಬೇಡಿ ಎಂಬ ಗುರುತು ಹಾಕಿ ಕಳಿಸುವುದು, ಹೊರಲಾಗದ ರೂಟರ್ ಅದನ್ನು ಬಿಸಾಡಿ ಚಿಕ್ಕದು ಕಳಿಸಿ ಎಂದು ಮರುಸಂದೇಶ ಕೊಡುವುದು, ಇಷ್ಟೇ ಅದರ ಕ್ರಮ. ಆದರೆ ಭದ್ರತೆಯ ಹೆಸರಿನಲ್ಲಿ ಆ ಮರುಸಂದೇಶವನ್ನೇ ತಡೆಯುವ ಸಂಸ್ಥೆಗಳು ಇದ್ದವು. ಆಗ ದೊಡ್ಡ ಪ್ಯಾಕೆಟ್ ಎಲ್ಲಿ ಮಾಯವಾಯಿತೆಂದೇ ಕಳಿಸಿದ ಯಂತ್ರಕ್ಕೆ ತಿಳಿಯದು. ಜಾಲತಾಣದ ಹೆಸರು ಮೂಡಿ, ಎರಡು ಸಾಲು ಬಂದು, ಉಳಿದ ಪುಟ ಎಷ್ಟು ಹೊತ್ತಾದರೂ ಬಾರದೆ ನಿಂತರೆ ಈ ಕಾಯಿಲೆಯನ್ನು ಶಂಕಿಸಬಹುದಿತ್ತು.

ಎರಡನೆಯ ಕಾರಣ ಕಂಪ್ಯೂಟರಿನ ಬೆನ್ನ ಹಿಂದೆಯೇ ಇತ್ತು. ಹೊರಗಿಡುವ ಮೋಡೆಮ್ ಸೀರಿಯಲ್ ಪೋರ್ಟ್ ಮೂಲಕ ಕಂಪ್ಯೂಟರಿಗೆ ಸೇರುತ್ತದೆ, ಆ ಪೋರ್ಟನ್ನು ನಡೆಸುವುದು ಯುಎಆರ್‌ಟಿ ಎಂಬ ಚಿಪ್. ಹಳೆಯ 8250 ಮತ್ತು 16450 ಚಿಪ್‌ಗಳು ಒಂದು ಸಲಕ್ಕೆ ಒಂದೇ ಒಂದು ಬೈಟ್ಟನ್ನು ಇಟ್ಟುಕೊಳ್ಳಬಲ್ಲವು. ಪ್ರೊಸೆಸರ್ ಬೇರೆ ಕೆಲಸದಲ್ಲಿ ಮುಳುಗಿ ಆ ಬೈಟ್ಟನ್ನು ಎತ್ತಿಕೊಳ್ಳಲು ತಡಮಾಡಿದರೆ ಮುಂದಿನ ಬೈಟ್ ಅದರ ಮೇಲೆ ಬಿದ್ದು ಅದು ಅಳಿಸಿಹೋಗುತ್ತದೆ. ಪಿಪಿಪಿ ಪ್ರತಿ ಪ್ಯಾಕೆಟ್‌ನ ಕೊನೆಯಲ್ಲಿ ತಾಳೆ ನೋಡುತ್ತದೆ. ಒಂದು ಬೈಟ್ ಕಡಿಮೆಯಾದರೂ ಇಡೀ ಪ್ಯಾಕೆಟ್ ತಿಪ್ಪೆಗೆ. 1500 ಬೈಟ್‌ನ ಪ್ಯಾಕೆಟ್‌ನಲ್ಲಿ ಹೀಗಾಗುವ ಸಂಭವ ಹೆಚ್ಚು, ಆದಾಗ ಆಗುವ ನಷ್ಟವೂ ಹೆಚ್ಚು. ಇಂಥ ಯಂತ್ರದಲ್ಲಿ ಎಂಟಿಯು ಇಳಿಸಿದರೆ ಗುಣ ಕಾಣುವುದು ಸಹಜ. ಆದರೆ ಅದು ನೋವಿಗೆ ಹಚ್ಚಿದ ಮುಲಾಮು ಮಾತ್ರ; 16 ಬೈಟ್‌ಗಳನ್ನು ಹಿಡಿದಿಡುವ 16550 ಚಿಪ್ ಇರುವ ಕಾರ್ಡ್ ಹಾಕುವುದೇ ಸರಿಯಾದ ಮದ್ದಾಗಿತ್ತು.

ತಂತಿಯ ಕರಕರ ಸದ್ದಿನಿಂದ ಮಾಹಿತಿ ಕೆಡುತ್ತದೆ, ಅದಕ್ಕಾಗಿ ಪ್ಯಾಕೆಟ್ ಚಿಕ್ಕದಿರಬೇಕು ಎಂಬ ವಾದವೂ ಬಹಳ ಕೇಳಿಬರುತ್ತಿತ್ತು. ಇದು ಪೂರ್ತಿ ನಿಜವಲ್ಲ. ವಿ.42 ಎಂಬ ದೋಷಪರಿಹಾರ ವಿಧಾನ ಇರುವ ಮೋಡೆಮ್‌ಗಳು ಕೆಟ್ಟ ಭಾಗವನ್ನು ತಮ್ಮ ತಮ್ಮಲ್ಲೇ ಮತ್ತೆ ಕೇಳಿ ಸರಿಪಡಿಸಿಕೊಳ್ಳುತ್ತವೆ. ಸದ್ದು ಹೆಚ್ಚಿದ್ದರೆ ಕಂಪ್ಯೂಟರಿಗೆ ಕಾಣುವುದು ವಿಳಂಬ, ಕಳೆದುಹೋದ ಪ್ಯಾಕೆಟ್ ಅಲ್ಲ. ಅಂಥ ಮನೆಗಳಲ್ಲಿ ಎಂಟಿಯುಗಿಂತ ಮೊದಲು ನೋಡಬೇಕಾದದ್ದು ಗೋಡೆಯ ಮೇಲಿನ ತುಕ್ಕು ಹಿಡಿದ ರೋಸೆಟ್ ಪೆಟ್ಟಿಗೆ, ಒಂದೇ ಲೈನಿಗೆ ಜೋಡಿಸಿದ ಎರಡನೇ ಫೋನು, ಮಳೆಗೆ ನೆನೆದ ತಂತಿಯ ಗಂಟು.

ಎಂಟಿಯು ಜೊತೆಗೆ ಬದಲಾಯಿಸುತ್ತಿದ್ದ ಇನ್ನೊಂದು ಸಂಖ್ಯೆ ರಿಸೀವ್ ವಿಂಡೋ, ಚಿಕ್ಕದಾಗಿ ಆರ್‌ವಿನ್. ಉತ್ತರ ಬರುವವರೆಗೆ ಕಾಯದೆ ಸರ್ವರ್ ಒಂದರ ಹಿಂದೊಂದು ಎಷ್ಟು ಬೈಟ್ ಕಳಿಸಬಹುದು ಎಂಬುದನ್ನು ಅದು ಹೇಳುತ್ತದೆ. ವಿಂಡೋಸ್ 95ರಲ್ಲಿ ಅದು 8 ಕಿಲೋಬೈಟ್ ಆಸುಪಾಸಿನಲ್ಲಿತ್ತು. ನೆಟ್‌ಸ್ಕೇಪ್ ಬ್ರೌಸರ್ ಒಂದು ಪುಟದ ಚಿತ್ರಗಳನ್ನು ತರಲು ಒಟ್ಟಿಗೆ ನಾಲ್ಕು ಸಂಪರ್ಕ ತೆರೆಯುತ್ತಿತ್ತು. ನಾಲ್ಕಕ್ಕೂ ತಲಾ 8 ಕಿಲೋಬೈಟ್ ಎಂದರೆ 32 ಕಿಲೋಬೈಟ್ ಮಾಹಿತಿ ಸೇವಾದಾರರ ಮೋಡೆಮ್ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲಬಹುದು. 28,800ರ ಲೈನಿನಲ್ಲಿ ಆ ಸಾಲು ಕರಗಲು 9 ಸೆಕೆಂಡ್ ಬೇಕು. ಅಷ್ಟರೊಳಗೆ ಅಲ್ಲಿನ ಜಾಗ ತುಂಬಿ ಪ್ಯಾಕೆಟ್‌ಗಳು ಬೀಳುತ್ತವೆ, ಬಿದ್ದದ್ದನ್ನು ಸರ್ವರ್ ಮತ್ತೆ ಕಳಿಸುತ್ತದೆ, ಲೈನಿನ ಒಂದು ಪಾಲು ಬಂದದ್ದೇ ಮತ್ತೆ ಬರುವುದಕ್ಕೆ ಖರ್ಚಾಗುತ್ತದೆ. ಅದಕ್ಕಾಗಿ ಎಂಎಸ್‌ಎಸ್‌ನ ನಾಲ್ಕರಷ್ಟು, ಅಂದರೆ 536ರ ನಾಲ್ಕು ಪಟ್ಟು 2144, ಇಡಿ ಎಂಬ ಸಲಹೆ ಜನಪ್ರಿಯವಾಯಿತು.

ಭಾರತದ ಬಳಕೆದಾರರು ಎಚ್ಚರ ವಹಿಸಬೇಕಾಗಿದ್ದ ಜಾಗ ಇದು. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ದೇಶದಲ್ಲಿ ಸಾರ್ವಜನಿಕ ಇಂಟರ್ನೆಟ್ ಸೇವೆ ಆರಂಭಿಸಿತು, 1998ರ ಕೊನೆಯಲ್ಲಿ ಖಾಸಗಿ ಸೇವಾದಾರರಿಗೂ ಅವಕಾಶ ಸಿಕ್ಕಿತು. ಇಲ್ಲಿನವರು ನೋಡುತ್ತಿದ್ದ ತಾಣಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿದ್ದವು. ಅಲ್ಲಿಗೆ ಹೋಗುವ ದಾರಿ ಉಪಗ್ರಹದ ಮೂಲಕ ಇರಬಹುದಿತ್ತು. ಭೂಸ್ಥಿರ ಉಪಗ್ರಹ ಸಮಭಾಜಕದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಅದರ ಮೂಲಕ ಸಂದೇಶ ಹೋಗಿ ಉತ್ತರ ಬರಲು ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡ್ ಹಿಡಿಯುತ್ತದೆ. ಮೋಡೆಮ್‌ಗಳ ವಿಳಂಬ, ದಾರಿಯ ರೂಟರ್‌ಗಳ ವಿಳಂಬ ಸೇರಿ ಒಟ್ಟು 0.8 ಸೆಕೆಂಡ್ ಎಂದಿಟ್ಟುಕೊಂಡರೆ, 2144 ಬೈಟ್‌ನ ಕಿಟಕಿಯಲ್ಲಿ ಸೆಕೆಂಡಿಗೆ 2680 ಬೈಟ್‌ಗಿಂತ ಹೆಚ್ಚು ಬರಲಾರದು. 28,800ರ ಮೋಡೆಮ್ 3600 ಬೈಟ್ ತರಬಲ್ಲುದಾಗಿತ್ತು. ಒಂದೇ ಫೈಲ್ ಇಳಿಸುವವನು ಲೈನಿನ ಕಾಲು ಭಾಗವನ್ನು ತಾನೇ ಮುಚ್ಚಿದಂತಾಯಿತು. ಸರ್ವರ್ ಹತ್ತಿರವಿದ್ದು ಹೋಗಿ ಬರುವ ಸಮಯ 0.4 ಸೆಕೆಂಡ್ ಇರುವ ಕಡೆ ಅದೇ 2144 ಸಾಕಾಗಿ ಮಿಗುತ್ತದೆ. ದೂರದ ದಾರಿಗೆ 536ರ ಎಂಟು ಪಟ್ಟು, 4288, ಹೆಚ್ಚು ಹೊಂದುತ್ತಿತ್ತು. ಫೋನ್ ಕರೆಯ ದರ ಒಂದು ಕಡೆ, ಇಂಟರ್ನೆಟ್ ಖಾತೆಯ ಗಂಟೆಗಳ ಲೆಕ್ಕ ಇನ್ನೊಂದು ಕಡೆ ಓಡುತ್ತಿದ್ದ ಕಾಲದಲ್ಲಿ ಈ ಕಾಲು ಭಾಗ ಚಿಕ್ಕ ಮೊತ್ತವಲ್ಲ.

ಬದಲಾವಣೆ ಮಾಡುವ ಕೆಲಸ ವಿಂಡೋಸ್ 95ರಲ್ಲಿ ಸಲೀಸಾಗಿರಲಿಲ್ಲ. ರೆಜ್‌ಎಡಿಟ್ ತೆರೆದು, ಹೆಚ್‌ಕೀ ಲೋಕಲ್ ಮಷಿನ್ ಕೆಳಗೆ ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಸರ್ವೀಸಸ್, ಕ್ಲಾಸ್ ಎಂಬ ಹಂತಗಳನ್ನಿಳಿದು ನೆಟ್‌ಟ್ರಾನ್ಸ್ ಎಂಬಲ್ಲಿಗೆ ಹೋಗಬೇಕು. ಅಲ್ಲಿ 0000, 0001, 0002 ಎಂದು ಸಾಲಾಗಿ ಫೋಲ್ಡರ್‌ಗಳು. ಒಂದೊಂದನ್ನೂ ತೆರೆದು, ಡ್ರೈವರ್ ವಿವರದ ಮುಂದೆ ಟಿಸಿಪಿ/ಐಪಿ ಎಂದಿರುವುದನ್ನು ಹುಡುಕಿ, ಅದರಲ್ಲಿ ಮ್ಯಾಕ್ಸ್‌ಎಂಟಿಯು ಎಂಬ ಹೊಸ ಸ್ಟ್ರಿಂಗ್ ಸೇರಿಸಿ 576 ಎಂದು ಬರೆಯಬೇಕು. ಯಂತ್ರದಲ್ಲಿ ನೆಟ್‌ವರ್ಕ್ ಕಾರ್ಡ್ ಕೂಡ ಇದ್ದರೆ ಟಿಸಿಪಿ/ಐಪಿ ಎರಡು ಕಡೆ ಕಾಣುತ್ತದೆ; ತಪ್ಪು ಫೋಲ್ಡರ್‌ನಲ್ಲಿ ಬರೆದರೆ ಕಚೇರಿಯ ಜಾಲ ನಿಧಾನವಾಗಿ, ಡಯಲ್-ಅಪ್ ಮೊದಲಿದ್ದಂತೆಯೇ ಉಳಿಯುತ್ತದೆ. ಆರ್‌ವಿನ್‌ನ ಜಾಗ ಬೇರೆ: ಸರ್ವೀಸಸ್ ಕೆಳಗಿನ ವಿಎಕ್ಸ್‌ಡಿ, ಅದರೊಳಗೆ ಎಂಎಸ್‌ಟಿಸಿಪಿ, ಅಲ್ಲಿ ಡಿಫಾಲ್ಟ್‌ಆರ್‌ಸಿವಿವಿಂಡೋ. ಎರಡೂ ಆದ ಮೇಲೆ ಕಂಪ್ಯೂಟರ್ ಮತ್ತೆ ಶುರುಮಾಡಬೇಕು. ಮುಟ್ಟುವ ಮೊದಲು ರಿಜಿಸ್ಟ್ರಿಯ ಪ್ರತಿ ತೆಗೆದಿಟ್ಟುಕೊಳ್ಳುವುದು ಬಲ್ಲವರ ಕ್ರಮ. ಈ ಪಡಿಪಾಟಲು ತಪ್ಪಿಸಲು ಎಂಟಿಯು ಸ್ಪೀಡ್, ಈಸಿ ಎಂಟಿಯು, ಟ್ವೀಕ್‌ಡನ್, ಐಸ್ಪೀಡ್ ಮುಂತಾದ ಸಣ್ಣ ತಂತ್ರಾಂಶಗಳು ಬಂದವು. ಗುಂಡಿ ಒತ್ತಿದರೆ ಅವು ಇದೇ ಸಂಖ್ಯೆಗಳನ್ನು ಇದೇ ಜಾಗಗಳಲ್ಲಿ ಬರೆಯುತ್ತಿದ್ದವು. ಅದಕ್ಕಿಂತ ಹೆಚ್ಚಿನ ಶಕ್ತಿ ಅವುಗಳಿಗೆ ಇರಲಿಲ್ಲ.

ವಿಂಡೋಸ್ 98 ಬಂದಾಗ ಮೈಕ್ರೋಸಾಫ್ಟ್ ಇದನ್ನು ಕಂಟ್ರೋಲ್ ಪ್ಯಾನೆಲ್‌ಗೆ ತಂದಿತು. ನೆಟ್‌ವರ್ಕ್ ಎಂಬಲ್ಲಿ ಡಯಲ್-ಅಪ್ ಅಡಾಪ್ಟರ್ ಆರಿಸಿ, ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟ ತೆರೆದರೆ ಐಪಿ ಪ್ಯಾಕೆಟ್ ಸೈಜ್ ಎಂಬ ಆಯ್ಕೆ ಸಿಗುತ್ತಿತ್ತು: ಲಾರ್ಜ್ ಎಂದರೆ 1500, ಮೀಡಿಯಂ ಎಂದರೆ 1000, ಸ್ಮಾಲ್ ಎಂದರೆ 576. ನಾಲ್ಕನೆಯದು ಆಟೋಮ್ಯಾಟಿಕ್, ಬಳಕೆದಾರ ಬದಲಿಸದಿದ್ದರೆ ಇರುತ್ತಿದ್ದುದು ಅದೇ. ಸಂಪರ್ಕದ ವೇಗ 128 ಕಿಲೋಬಿಟ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು 576ನ್ನೂ, ಹೆಚ್ಚಿದ್ದರೆ 1500ನ್ನೂ ತಾನೇ ಆರಿಸುತ್ತದೆ. ಹಾಗಾಗಿ ವಿಂಡೋಸ್ 98ರಲ್ಲಿ ಫೋನ್ ಮೋಡೆಮ್ ಬಳಸುವವರಿಗೆ 576 ಮೊದಲೇ ಸಿಕ್ಕಿತ್ತು. ಮತ್ತೆ ಅದನ್ನೇ ಬರೆದು ವೇಗ ನಿರೀಕ್ಷಿಸಿದವರಿಗೆ ಏನೂ ದಕ್ಕಲಿಲ್ಲ.

ಒಂದೇ ಮೋಡೆಮ್ ಸಂಪರ್ಕವನ್ನು ಹಲವು ಕಂಪ್ಯೂಟರುಗಳಿಗೆ ಹಂಚುವ ಕಡೆಗಳಲ್ಲಿ ಇನ್ನೊಂದು ತೊಡಕಿತ್ತು. ಮೋಡೆಮ್ ಇರುವ ಯಂತ್ರದ ಎಂಟಿಯು 576 ಆದರೂ ಈಥರ್ನೆಟ್ ತಂತಿಯಲ್ಲಿ ಕೂತ ಉಳಿದ ಯಂತ್ರಗಳು ತಮ್ಮ ಎಂಎಸ್‌ಎಸ್ 1460 ಎಂದೇ ಸರ್ವರ್‌ಗೆ ಹೇಳುತ್ತವೆ. ದೊಡ್ಡ ಪ್ಯಾಕೆಟ್‌ಗಳು ಎಂದಿನಂತೆ ಬರುತ್ತವೆ. ಪ್ರಾಕ್ಸಿ ತಂತ್ರಾಂಶ ಬಳಸಿದ್ದರೆ ಮಾತ್ರ ಮೋಡೆಮ್ ಯಂತ್ರವೇ ಸರ್ವರ್ ಜೊತೆ ಮಾತಾಡುವುದರಿಂದ ಅದೊಂದರ ಸೆಟ್ಟಿಂಗ್ ಸಾಕು. ಇಲ್ಲದಿದ್ದರೆ ಪ್ರತಿ ಯಂತ್ರದಲ್ಲೂ ಬದಲಿಸಬೇಕು.

ದಾರಿಯ ಅಳತೆ ತಿಳಿಯಲು ಪಿಂಗ್ ಎಂಬ ಆದೇಶ ಸಾಕಾಗುತ್ತದೆ. ಅದರ ಎಫ್ ಆಯ್ಕೆ ಕತ್ತರಿಸಬೇಡಿ ಎಂಬ ಗುರುತು ಹಾಕುತ್ತದೆ, ಎಲ್ ಆಯ್ಕೆ ಮಾಹಿತಿಯ ಗಾತ್ರ ಹೇಳುತ್ತದೆ. ಪಿಂಗ್‌ನ ಹೆಡರ್ 28 ಬೈಟ್ ಆದ್ದರಿಂದ 1472 ಎಂದು ಕೊಟ್ಟರೆ ಒಟ್ಟು 1500 ಆಗುತ್ತದೆ. ಉತ್ತರ ಬಂದರೆ ದಾರಿ ಅಷ್ಟು ಅಗಲ ಇದೆ. ಪ್ಯಾಕೆಟ್ ಕತ್ತರಿಸಬೇಕು, ಗುರುತು ಅಡ್ಡ ಬಂದಿದೆ ಎಂಬ ಸಾಲು ಮೂಡಿದರೆ ಸಂಖ್ಯೆ ಇಳಿಸುತ್ತಾ ಹೋಗಿ ಉತ್ತರ ಬರುವ ಮೊದಲ ಗಾತ್ರವನ್ನು ಹಿಡಿಯಬೇಕು; 548ಕ್ಕೆ ಉತ್ತರ ಬಂದು ಅದಕ್ಕಿಂತ ದೊಡ್ಡದಕ್ಕೆ ಬಾರದಿದ್ದರೆ ಎಂಟಿಯು 576 ಎಂದು ಅರ್ಥ. ವೇಗ ಅಳೆಯುವಾಗ ಜಿಪ್ ಮಾಡಿದ ಒಂದೇ ಫೈಲನ್ನು, ಒಂದೇ ಸರ್ವರ್‌ನಿಂದ, ದಿನದ ಒಂದೇ ಹೊತ್ತಿನಲ್ಲಿ ಹಲವು ಸಲ ಇಳಿಸಿ ನೋಡಬೇಕು. ಪಠ್ಯದ ಫೈಲ್ ಆರಿಸಿದರೆ ಮೋಡೆಮ್‌ನ ವಿ.42ಬಿಸ್ ಅದನ್ನು ಕುಗ್ಗಿಸಿ ತರುವುದರಿಂದ ಲೆಕ್ಕ ಮೋಸ ಹೋಗುತ್ತದೆ. ಇಷ್ಟು ತಾಳ್ಮೆಯಿಂದ ಅಳೆಯದೆ, ನಡುರಾತ್ರಿ ಜಾಲ ಖಾಲಿಯಿದ್ದಾಗ ಸಿಕ್ಕ ವೇಗವನ್ನು ಹೊಸ ಸೆಟ್ಟಿಂಗ್‌ನ ಖಾತೆಗೆ ಜಮಾ ಮಾಡಿದ್ದರಿಂದಲೇ 576ರ ಬಗ್ಗೆ ಅಷ್ಟೊಂದು ಉತ್ಪ್ರೇಕ್ಷೆ ಬೆಳೆಯಿತು ಎನ್ನಬೇಕು.

56ಕೆ ಎಂದು ಹೆಸರಾದ ವಿ.90 ಮೋಡೆಮ್‌ಗಳು 1998ರಲ್ಲಿ ಬಂದ ಮೇಲೆ ಒಳಬರುವ ಪ್ಯಾಕೆಟ್‌ಗಳ ಕಾಯುವಿಕೆ ತಗ್ಗಿತು. ಆದರೆ ಹೊರಹೋಗುವ ದಿಕ್ಕಿನಲ್ಲಿ ಮಿತಿ 33,600 ಬಿಟ್ ಆಗಿಯೇ ಉಳಿಯಿತು. ದೊಡ್ಡ ಇಮೇಲ್ ಕಳಿಸುತ್ತಿರುವಾಗ ಉಳಿದೆಲ್ಲ ಕೆಲಸ ಕುಂಟುವುದು ಮುಂದುವರಿಯಿತು.

ಬ್ರಾಡ್‌ಬ್ಯಾಂಡ್ ಬಂದಾಗ ಎಂಟಿಯು ಪ್ರಶ್ನೆ ರೂಪ ಬದಲಿಸಿತು. ಫೋನ್ ತಂತಿಯ ಮೇಲೆಯೇ ನಡೆಯುವ ಡಿಎಸ್‌ಎಲ್ ಸೇವೆಗಳಲ್ಲಿ ಹಲವು ಪಿಪಿಪಿಒಇ ಎಂಬ ವಿಧಾನ ಬಳಸುತ್ತವೆ. 2005ರಲ್ಲಿ ಆರಂಭವಾಗಿ ಕರ್ನಾಟಕದ ಪಟ್ಟಣಗಳಲ್ಲೂ ಹರಡಿದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೇಳುತ್ತಿದ್ದುದು ಈ ವಿಧಾನವೇ. ಅದು ಈಥರ್ನೆಟ್‌ನ 1500ರಲ್ಲಿ 8 ಬೈಟ್ಟನ್ನು ತನಗಾಗಿ ತೆಗೆದುಕೊಳ್ಳುತ್ತದೆ, ಉಳಿಯುವುದು 1492. ಇಲ್ಲಿ ಪ್ಯಾಕೆಟ್ಟನ್ನು 576ಕ್ಕೆ ಇಳಿಸುವುದರಿಂದ ನಷ್ಟವೇ ಹೊರತು ಲಾಭವಿಲ್ಲ. ಆದರೆ 1500 ಎಂದೇ ಬಿಟ್ಟರೆ ಕೆಲವು ತಾಣಗಳು ತೆರೆದು ಕೆಲವು ಅರ್ಧಕ್ಕೇ ನಿಲ್ಲುವ ಹಳೆಯ ಕಾಯಿಲೆ ಮರುಕಳಿಸುತ್ತದೆ. ರೂಟರ್ ಪುಟದ ವ್ಯಾನ್ ಸೆಟ್ಟಿಂಗ್‌ನಲ್ಲಿ ಎಂಟಿಯು 1492 ಎಂದಿದೆಯೇ ನೋಡುವುದು, ಹಾದುಹೋಗುವ ಸಂಪರ್ಕಗಳ ಎಂಎಸ್‌ಎಸ್ಸನ್ನು 1452ಕ್ಕೆ ತಗ್ಗಿಸುವ ಕ್ಲ್ಯಾಂಪಿಂಗ್ ಎಂಬ ಆಯ್ಕೆಯನ್ನು ಚಾಲೂ ಮಾಡುವುದು ಅದಕ್ಕೆ ಪರಿಹಾರ. ಪಿಂಗ್ ಪರೀಕ್ಷೆಯಲ್ಲಿ 1464ಕ್ಕೆ ಉತ್ತರ ಬಂದು 1465ಕ್ಕೆ ಬಾರದಿದ್ದರೆ ಆ ಸಂಪರ್ಕ ಸರಿಯಾಗಿ 1492ರಲ್ಲಿದೆ. ಕಚೇರಿಯ ಕೆಲಸಕ್ಕೆ ವಿಪಿಎನ್ ಬಳಸುವವರಿಗೆ ಅದರ ಹೊದಿಕೆಯೂ ಸೇರಿ ಅಳತೆ ಇನ್ನಷ್ಟು ತಗ್ಗುತ್ತದೆ. ಐಪಿವಿ6 ಜಾಲದಲ್ಲಿ ನಡುವಿನ ರೂಟರ್‌ಗಳು ಪ್ಯಾಕೆಟ್ಟನ್ನು ಕತ್ತರಿಸುವುದೇ ಇಲ್ಲ. ಅಲ್ಲಿ ಯಾವ ದಾರಿಯೂ ಕನಿಷ್ಠ 1280 ಬೈಟ್ ಹೊರಲೇಬೇಕು ಎಂಬುದು ನಿಯಮ.